ಅಪ್ಪುಗೆಯಿಂದ ತರಬೇತಿಗೆ: ವಿಶೇಷ ಒಲಿಂಪಿಕ್ಸ್ ಸ್ವಯಂಸೇವಕರ ಕಥೆ



ಒಲಿಂಪಿಕ್ ಕ್ರೀಡಾಕೂಟದ ಚರಿತ್ರೆಯನ್ನು ನೀವೆಲ್ಲ ಓದಿದ್ದೀರಿ. ಆದರೆ 1968ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಆರಂಭವಾದ ಇನ್ನೊಂದು ಒಲಿಂಪಿಕ್ಸ್‌ನ ಕಥೆ ಪಠ್ಯಪುಸ್ತಕಗಳಲ್ಲಿ ಸಿಗುವುದು ಅಪರೂಪ. ಅದು ಬೌದ್ಧಿಕ ವಿಕಲತೆ ಉಳ್ಳವರ ಕ್ರೀಡಾಕೂಟ. ಅದರ ಚರಿತ್ರೆಯಲ್ಲಿ ಓಡಿದವರಷ್ಟೇ, ಅವರ ಜೊತೆಗೆ ಮೈದಾನಕ್ಕೆ ಇಳಿದ ಸ್ವಯಂಸೇವಕರಿಗೂ ಸ್ಥಾನವಿದೆ. ಮೊಟ್ಟಮೊದಲು ಹಾಗೆ ಇಳಿದವರು ನಿಮ್ಮಂತಹ ವಿದ್ಯಾರ್ಥಿಗಳೇ ಎಂಬುದು ಗಮನಿಸಬೇಕಾದ ಸಂಗತಿ.

ಬೌದ್ಧಿಕ ವಿಕಲತೆ ಎಂದರೇನು? ಕಲಿಯುವುದು, ವಿಚಾರ ಮಾಡುವುದು, ನಿತ್ಯದ ವ್ಯವಹಾರಗಳನ್ನು ನಿಭಾಯಿಸುವುದು ಇವುಗಳಲ್ಲಿ ಬಾಲ್ಯದಿಂದಲೇ ಕಂಡುಬರುವ ಮಿತಿ ಅದು. ಅದು ಮಾನಸಿಕ ಕಾಯಿಲೆಯಲ್ಲ. ನಮ್ಮ ದೇಶದ 1995ರ ಕಾಯಿದೆಯಲ್ಲಿ ಇದಕ್ಕೆ ‘ಬುದ್ಧಿಮಾಂದ್ಯ’ ಎಂಬ ಅರ್ಥದ ಶಬ್ದವಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆ ಶಬ್ದವನ್ನು ಕೈಬಿಟ್ಟಿತು. ಶಬ್ದ ಬದಲಾದಂತೆ ನೋಟವೂ ಬದಲಾಗಬೇಕಲ್ಲವೇ? ಆ ಬದಲಾವಣೆ ಆಟದ ಮೈದಾನದಲ್ಲಿ ಹೇಗೆ ನಡೆಯಿತು ಎಂಬುದನ್ನು ನೋಡೋಣ.

ಯೂನಿಸ್ ಕೆನೆಡಿ ಶ್ರೈವರ್ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರ ಸಹೋದರಿ. ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ವಿಕಲತೆ ಇತ್ತು. ಅಕ್ಕ ತಂಗಿಯರು ಒಟ್ಟಿಗೆ ಈಜಿ, ಆಡಿ ಬೆಳೆದವರು. 1941ರಲ್ಲಿ ರೋಸ್‌ಮೇರಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಲಾಯಿತು. ಅದರಿಂದ ಆಕೆಯ ಸ್ಥಿತಿ ತೀರ ಹದಗೆಟ್ಟಿತು. ಉಳಿದ ಆಯುಷ್ಯವನ್ನು ಆಕೆ ಪಾಲನಾ ಸಂಸ್ಥೆಯಲ್ಲಿ ಕಳೆಯಬೇಕಾಯಿತು. ಆ ಕಾಲದಲ್ಲಿ ಇಂತಹ ಮಕ್ಕಳನ್ನು ಮನೆಯವರು ಬಚ್ಚಿಡುತ್ತಿದ್ದರು, ಇಲ್ಲವೇ ದೂರದ ಸಂಸ್ಥೆಗಳಿಗೆ ಸೇರಿಸಿಬಿಡುತ್ತಿದ್ದರು. 1962ರ ಸೆಪ್ಟೆಂಬರಿನಲ್ಲಿ ಯೂನಿಸ್ ತಮ್ಮ ಅಕ್ಕನ ವಿಷಯವನ್ನು ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿಯೇ ಬರೆದರು. ಅಧ್ಯಕ್ಷರ ಮನೆತನದವರೇ ಹೀಗೆ ಬರೆದುದು ಅಲ್ಲಿನ ಸಾವಿರಾರು ತಂದೆತಾಯಿಯರ ಸಂಕೋಚವನ್ನು ಸಡಿಲಿಸಿತು.

ಅದೇ ವರ್ಷದ ಜೂನ್ ತಿಂಗಳಲ್ಲಿ ಅವರು ಇನ್ನೊಂದು ಕೆಲಸ ಮಾಡಿದ್ದರು. ತನ್ನ ಮಗುವನ್ನು ಯಾವ ಬೇಸಿಗೆ ಶಿಬಿರವೂ ಸೇರಿಸಿಕೊಳ್ಳುತ್ತಿಲ್ಲ ಎಂದು ತಾಯಿಯೊಬ್ಬರು ಹೇಳಿಕೊಂಡಾಗ, ಮೇರಿಲ್ಯಾಂಡಿನ ತಮ್ಮ ಮನೆಯ ವಿಶಾಲ ಅಂಗಳದಲ್ಲೇ ಶಿಬಿರ ತೆರೆದರು. ಬಂದ ಮಕ್ಕಳು 34. ಅವರನ್ನು ನೋಡಿಕೊಳ್ಳಲು ಬಂದವರು 26 ಮಂದಿ ಪ್ರೌಢಶಾಲೆ ಮತ್ತು ಕಾಲೇಜು ವಿದ್ಯಾರ್ಥಿಗಳು. ಹೆಚ್ಚುಕಡಿಮೆ ಒಂದು ಮಗುವಿಗೆ ಒಬ್ಬ ಜೊತೆಗಾರ! ಈಜು, ಚೆಂಡಾಟ, ಕುದುರೆ ಸವಾರಿ ಎಲ್ಲವೂ ಅಲ್ಲಿ ನಡೆದವು. ‘ಇವರಿಂದ ಆಗದು’ ಎಂದು ಲೋಕ ಹೇಳುತ್ತಿದ್ದ ಹಲವು ಕೆಲಸಗಳನ್ನು ಆ ಮಕ್ಕಳು ಮಾಡಿ ತೋರಿಸಿದರು.

ಇದೇ ಕಾಲದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರಾಂಕ್ ಹೇಡನ್ ಎಂಬ ವಿಜ್ಞಾನಿ ಇಂತಹ ಮಕ್ಕಳ ದೈಹಿಕ ಸಾಮರ್ಥ್ಯವನ್ನು ಅಳೆಯುತ್ತಿದ್ದರು. ಮಕ್ಕಳು ದುರ್ಬಲರಾಗಿದ್ದುದು ನಿಜ. ಆದರೆ ಅದಕ್ಕೆ ವಿಕಲತೆಯೇ ಕಾರಣವಲ್ಲ, ಕುಳಿತಲ್ಲೇ ಕಳೆಯುವ ಜೀವನ ಕಾರಣ ಎಂಬುದು ಅವರು ಕಂಡುಕೊಂಡ ಸತ್ಯ. ಆಡಲು ಬಿಟ್ಟು, ಕ್ರಮವಾಗಿ ಕಲಿಸಿದರೆ ಅವರ ಸಾಮರ್ಥ್ಯವೂ ಹೆಚ್ಚುತ್ತದೆ ಎಂದಾಯಿತು. ಅಂದರೆ ಇವರಿಗೆ ಬೇಕಾದುದು ಮರುಕಕ್ಕಿಂತ ಹೆಚ್ಚಾಗಿ ತರಬೇತಿ.

ಮುಂದಿನ ಹೆಜ್ಜೆ ಷಿಕಾಗೋದಲ್ಲಿ ಬಿತ್ತು. ಆನ್ ಮೆಕ್‌ಗ್ಲೋನ್ ಎಂಬ ಯುವ ವ್ಯಾಯಾಮ ಶಿಕ್ಷಕಿ ಅಲ್ಲಿನ ಉದ್ಯಾನವನಗಳಲ್ಲಿ ಇಂತಹ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ನಗರ ಮಟ್ಟದಲ್ಲಿ ಒಂದು ಕ್ರೀಡಾಕೂಟ ನಡೆಸಬೇಕೆಂದು ಅವರು ಯೂನಿಸ್ ಅವರ ನೆರವು ಕೋರಿದರು. ನಗರಕ್ಕಷ್ಟೇ ಏಕೆ, ದೊಡ್ಡದಾಗಿಯೇ ಮಾಡೋಣ ಎಂದು ತೀರ್ಮಾನವಾಯಿತು. (ಈ ಶಿಕ್ಷಕಿಯೇ ಮುಂದೆ ಕಾನೂನು ಓದಿ, ಆನ್ ಬರ್ಕ್ ಎಂಬ ಹೆಸರಿನಿಂದ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾದರು.) 1968ರ ಜುಲೈ 20ರಂದು ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಮೊದಲ ಕೂಟ ನಡೆಯಿತು. ಯೂನಿಸ್ ಅವರ ತಮ್ಮ ರಾಬರ್ಟ್ ಕೆನೆಡಿ ಹತ್ಯೆಯಾಗಿ ಆಗಿನ್ನೂ ಆರು ವಾರವಷ್ಟೇ ಕಳೆದಿತ್ತು. ಅಮೆರಿಕದ 26 ರಾಜ್ಯಗಳಿಂದ ಮತ್ತು ಕೆನಡಾದಿಂದ ಸುಮಾರು 1,000 ಸ್ಪರ್ಧಿಗಳು ಬಂದಿದ್ದರು. ಆ ಭಾರೀ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಮಾತ್ರ ಬೆರಳೆಣಿಕೆಯಷ್ಟು!

ಆ ದಿನಗಳಲ್ಲಿ ಸ್ವಯಂಸೇವಕರಿಗೆ ಒಂದು ವಿಶಿಷ್ಟ ಕೆಲಸವಿತ್ತು. ಓಟದ ಕೊನೆಯ ಗೆರೆಯ ಬಳಿ ನಿಂತು, ಓಡಿ ಬಂದ ಪ್ರತಿಯೊಬ್ಬರನ್ನೂ ತಬ್ಬಿಕೊಳ್ಳುವುದು. ಅದುವರೆಗೆ ಯಾರೂ ಬೆನ್ನು ತಟ್ಟದಿದ್ದ ಮಕ್ಕಳಿಗೆ ಆ ಅಪ್ಪುಗೆಯ ಬೆಲೆ ದೊಡ್ಡದೇ. ಆದರೆ ವರ್ಷಗಳು ಕಳೆದಂತೆ ಒಂದು ಪ್ರಶ್ನೆ ಎದ್ದಿತು. ಮೂವತ್ತು ವರ್ಷದ ಓಟಗಾರನನ್ನು ಮಗುವಿನಂತೆ ತಬ್ಬಿಕೊಳ್ಳುವುದು ಗೌರವವೇ? ಗೆದ್ದವನಿಗೂ ಸೋತವನಿಗೂ ಒಂದೇ ಅಪ್ಪುಗೆಯಾದರೆ ಅವನ ಓಟವನ್ನು ನಾವು ನಿಜವಾಗಿ ನೋಡಿದಂತಾಯಿತೇ? ಕ್ರಮೇಣ ಆ ಪದ್ಧತಿ ಹಿಂದೆ ಸರಿಯಿತು. ಸ್ವಯಂಸೇವಕನ ಕೈಗೆ ಸ್ಟಾಪ್‌ವಾಚ್ ಬಂತು.

ಈ ಸ್ಟಾಪ್‌ವಾಚಿನ ಮಹತ್ವವನ್ನು ತಿಳಿಯಬೇಕಾದರೆ ಸ್ಪರ್ಧೆಯ ನಿಯಮ ಗೊತ್ತಿರಬೇಕು. ಇಲ್ಲಿ ವಯಸ್ಸು, ಲಿಂಗ ಮತ್ತು ಸಾಮರ್ಥ್ಯವನ್ನು ನೋಡಿ ಸ್ಪರ್ಧಿಗಳನ್ನು ಗುಂಪು ಮಾಡುತ್ತಾರೆ. ಒಂದು ಗುಂಪಿನ ಅತ್ಯುತ್ತಮ ಮತ್ತು ಕೊನೆಯ ಸಾಧನೆಗಳ ನಡುವಿನ ಅಂತರ ಶೇಕಡ 15ರ ಆಸುಪಾಸಿನಲ್ಲಿರಬೇಕು ಎಂಬುದು ಮಾರ್ಗಸೂತ್ರ. 100 ಮೀಟರನ್ನು 20 ಸೆಕೆಂಡಿನಲ್ಲಿ ಓಡುವವನು 23 ಸೆಕೆಂಡಿನವನ ಜೊತೆ ಓಡಬಹುದು. 30 ಸೆಕೆಂಡಿನವನಿಗೆ ಬೇರೆ ಗುಂಪು. ತರಬೇತುದಾರ ಕಾಲವನ್ನು ತಪ್ಪಾಗಿ ಬರೆದುಕೊಂಡರೆ ಆಟಗಾರ ತಪ್ಪು ಗುಂಪಿಗೆ ಸೇರಿ, ವರ್ಷದ ಶ್ರಮ ವ್ಯರ್ಥವಾದೀತು. ಮೊದಲ ಮೂವರಿಗೆ ಪದಕ, ನಾಲ್ಕರಿಂದ ಎಂಟನೆಯವರವರೆಗೆ ರಿಬ್ಬನ್.

ತರಬೇತಿಯ ಕ್ರಮವೂ ಸ್ವಾರಸ್ಯಕರವಾಗಿದೆ. ‘ಓಡು’ ಎಂಬ ಒಂದೇ ಮಾತನ್ನು ತರಬೇತುದಾರ ಹತ್ತು ಚಿಕ್ಕ ಮೆಟ್ಟಿಲುಗಳಾಗಿ ಒಡೆಯುತ್ತಾನೆ. ಗೆರೆಯ ಹಿಂದೆ ನಿಲ್ಲು, ಒಂದು ಕಾಲು ಮುಂದಿಡು, ಎದುರಿಗೆ ನೋಡು, ಸೀಟಿ ಕೇಳಿದ ಮೇಲೆ ಹೊರಡು. ಎಷ್ಟೋ ಹೊಸಬರು ಕೊನೆಯ ಗೆರೆಯ ಹತ್ತಿರ ಬಂದು ನಿಂತುಬಿಡುತ್ತಾರೆ. ಗೆರೆ ದಾಟಿ ಓಡಬೇಕೆಂಬುದನ್ನೂ ಕಲಿಸಬೇಕು. ಒಂದು ಸಲಕ್ಕೆ ಒಂದೇ ಸೂಚನೆ. ಮೊದಲು ಬಾಯಿಮಾತು, ತಿಳಿಯದಿದ್ದರೆ ಮಾಡಿ ತೋರಿಸುವುದು, ಅದೂ ಸಾಲದಿದ್ದರೆ ಕೈಹಿಡಿದು ಮಾಡಿಸುವುದು. ಬಳಿಕ ಹಿಡಿದ ಕೈಯನ್ನು ಮೆಲ್ಲಮೆಲ್ಲನೆ ಬಿಡುವುದು. ಎಚ್ಚರಿಕೆಯೂ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅಂಥವರಿಗೆ ಲಾಗ ಹಾಕುವುದು, ನೀರಿಗೆ ತಲೆಕೆಳಗಾಗಿ ಧುಮುಕುವುದು ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ಇವನ್ನು ಮಾಡಿಸಕೂಡದು.

ಇಂತಹ ತರಬೇತಿ ಎಲ್ಲಿಯವರೆಗೆ ಒಯ್ಯಬಲ್ಲದು? 2020ರ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ 21 ವರ್ಷದ ಕ್ರಿಸ್ ನಿಕಿಕ್ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, 42.2 ಕಿಲೋಮೀಟರ್ ಓಡಿದ. ‘ಐರನ್‌ಮ್ಯಾನ್’ ಎಂಬ ಈ ಕಠಿಣ ಸ್ಪರ್ಧೆಯನ್ನು ಪೂರೈಸಿದ, ಡೌನ್ ಸಿಂಡ್ರೋಮ್ ಉಳ್ಳ ಮೊದಲ ವ್ಯಕ್ತಿ ಆತ. 17 ಗಂಟೆಗಳ ಗಡುವಿನೊಳಗೆ ಆತ ಗುರಿ ಮುಟ್ಟಿದಾಗ, ಅಷ್ಟೂ ದೂರವನ್ನು ಪಕ್ಕದಲ್ಲೇ ಕ್ರಮಿಸಿದ್ದ ಮಾರ್ಗದರ್ಶಿಯೊಬ್ಬರು ಜೊತೆಗಿದ್ದರು. ದಿನಕ್ಕೆ ಶೇಕಡ ಒಂದರಷ್ಟು ಸುಧಾರಣೆ ಎಂಬುದೇ ಅವರ ಅಭ್ಯಾಸದ ಸೂತ್ರವಾಗಿತ್ತು.

1988ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಚಳವಳಿಗೆ ಮಾನ್ಯತೆ ನೀಡಿತು. 2003ರಲ್ಲಿ ಬೇಸಿಗೆಯ ವಿಶ್ವಕೂಟ ಮೊದಲ ಬಾರಿಗೆ ಅಮೆರಿಕದ ಹೊರಗೆ, ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದಾಗ ಸುಮಾರು 7,000 ಕ್ರೀಡಾಪಟುಗಳಿಗಾಗಿ 30,000 ಸ್ವಯಂಸೇವಕರು ದುಡಿದರು. ನಮ್ಮ ದೇಶದಲ್ಲಿ ಈ ಕೆಲಸವನ್ನು ‘ಸ್ಪೆಷಲ್ ಒಲಿಂಪಿಕ್ಸ್ ಭಾರತ್’ ನಡೆಸುತ್ತಿದೆ. 2023ರ ಬರ್ಲಿನ್ ವಿಶ್ವಕೂಟದಲ್ಲಿ ಭಾರತದ ತಂಡ 76 ಚಿನ್ನ ಸೇರಿ 202 ಪದಕಗಳನ್ನು ಗಳಿಸಿತು. ಬೌದ್ಧಿಕ ವಿಕಲತೆ ಉಳ್ಳವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ‘ಯುನಿಫೈಡ್’ ಆಟಗಳೂ ಇವೆ. ಅಲ್ಲಿ ನೀವು ಸಹಾಯಕರಲ್ಲ, ಸಹ ಆಟಗಾರರು.

ನಮ್ಮ ಕಾಲೇಜುಗಳಲ್ಲಿ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಅದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ದುಡಿಯಬೇಕು. ವಾರಕ್ಕೆ ಎರಡು ಗಂಟೆಯಂತೆ ಹಂಚಿದರೂ ವರ್ಷವಿಡೀ ಸಾಕಾಗುವಷ್ಟು ಕಾಲ ಅದು! ವಿಶೇಷ ಶಾಲೆಗೆ ಒಂದು ದಿನ ಹೋಗಿ, ಸಿಹಿ ಹಂಚಿ, ಚಿತ್ರ ತೆಗೆಸಿಕೊಂಡು ಬರುವುದು ಸುಲಭ. ಆದರೆ ಮುಂದಿನ ವಾರ ಅದೇ ಮೈದಾನದಲ್ಲಿ, ಅದೇ ಹೊತ್ತಿಗೆ ನೀವು ಬರುತ್ತೀರೆಂದು ಆ ಆಟಗಾರ ಕಾದಿರುತ್ತಾನೆ. ಕಳೆದ ವಾರದ ಅವನ ವೇಗ ಎಷ್ಟಿತ್ತೆಂಬುದು ನಿಮ್ಮ ಪುಸ್ತಕದಲ್ಲಿ ಬರೆದಿದ್ದರೆ, ನೀವು ಅವನ ತರಬೇತುದಾರರು.