ಗುಜರಿಯಲ್ಲಿ ಸಿಕ್ಕ ಹಾಡಿನ ಪೆಟ್ಟಿಗೆ

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿ. ಕೆಟ್ಟ ಫ್ಯಾನುಗಳು, ಹೊಲಿಗೆ ಯಂತ್ರಗಳ ನಡುವೆ ನಮ್ಮ ಕಣ್ಣಿಗೆ ಬಿದ್ದದ್ದು ಎಚ್‌ಎಂವಿ ಗುರುತಿನ ಹಳೆಯ ರೆಕಾರ್ಡ್ ಪ್ಲೇಯರ್. ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಪೆಟ್ಟಿಗೆ. ಅಂಗಡಿಯ ಹಿರಿಯರು ಸುಳ್ಳು ಹೇಳಲಿಲ್ಲ. "ತಿರುಗುತ್ತೆ ಸಾಬ್, ಆದರೆ ಹಾಡೋದಿಲ್ಲ" ಎಂದರು. ಸಾವಿರದ ಇನ್ನೂರಕ್ಕೆ ವ್ಯಾಪಾರ ಮುಗಿಯಿತು. ಜೊತೆಗೆ ಅರ್ಧ ಗೋಣಿಚೀಲದಷ್ಟು ಪ್ಲೇಟುಗಳನ್ನು ಪುಕ್ಕಟೆಯಾಗಿ ಕೊಟ್ಟರು.

ಅದು ಹಾಡದಿರಲು ಕಾರಣವಿತ್ತು. ಇಂಥ ಯಂತ್ರಗಳಲ್ಲಿ ಮುಳ್ಳು ಕೂರುವ ತಲೆಭಾಗದಲ್ಲಿ ಒಂದು ಬಗೆಯ ಉಪ್ಪಿನ ಹರಳಿರುತ್ತದೆ. ಮುಳ್ಳಿನ ಅದುರುವಿಕೆಯನ್ನು ವಿದ್ಯುತ್ತಾಗಿಸುವುದು ಆ ಹರಳೇ. ನಮ್ಮ ಮಳೆಗಾಲದ ತೇವ ಹೀರಿ ಹೀರಿ ಅದು ಸತ್ತುಹೋಗುತ್ತದೆ. ತಟ್ಟೆಯನ್ನು ತಿರುಗಿಸುವ ರಬ್ಬರ್ ಗಾಲಿಯೂ ಕಲ್ಲಾಗಿತ್ತು, ಎಂದೋ ಹಚ್ಚಿದ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ರೇಡಿಯೋ ರಿಪೇರಿ ಬಲ್ಲ ಗೆಳೆಯರೊಬ್ಬರು ಎರಡು ವಾರ ಹೆಣಗಿ, ಹೊಸ ತಲೆ ಕೂರಿಸಿಕೊಟ್ಟರು. ಅದಕ್ಕೆ ಎರಡು ಮುಳ್ಳು. 78ರ ಹಳೆಯ ಪ್ಲೇಟಿನ ಗೆರೆ ಅಗಲ, ಎಲ್‌ಪಿಯ ಗೆರೆ ಅದರ ಮೂರನೆಯ ಒಂದಂಶದಷ್ಟು ಸಣ್ಣದು. ಪುಟ್ಟ ಸನ್ನೆಯನ್ನು ತಿರುವಿದರೆ ಒಂದು ಹೋಗಿ ಇನ್ನೊಂದು ಬರುತ್ತದೆ. ಇದನ್ನು ಮರೆತು ಎಲ್‌ಪಿಯ ಮೇಲೆ ದಪ್ಪ ಮುಳ್ಳು ಇಟ್ಟು ಒಂದು ಒಳ್ಳೆಯ ಪ್ಲೇಟನ್ನು ನಾವೇ ಕೆಡಿಸಿದೆವು!

ಚೀಲದಲ್ಲಿದ್ದದ್ದು ಹೆಚ್ಚಾಗಿ ಸಿನಿಮಾ ಹಾಡುಗಳು. ನಾವು ಹುಡುಕಿದ್ದು ಬೇರೊಂದು ಹೆಸರನ್ನು: ಗೋಹರ್ ಜಾನ್. ಈ ಪೆಟ್ಟಿಗೆ ಸಿಕ್ಕ ಊರಿನಲ್ಲೇ ತೀರಿಕೊಂಡವರು ಅವರು.

1902ರ ನವೆಂಬರ್‌ನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರಗಳನ್ನು ಜೋಡಿಸಿ ಕೂತಿದ್ದ. ಮೈಕ್ ಇಲ್ಲದ ಕಾಲ. ಗಾಯಕರು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಗಂಟೆಗಟ್ಟಲೆ ಅರಳುವ ಸಂಗೀತ ಮೂರು ನಿಮಿಷದಲ್ಲಿ ಮುಗಿಯಬೇಕು. ಗೋಹರ್ ಜಾನ್ ಆ ಮೂರು ನಿಮಿಷದ ಕಲೆಯನ್ನು ಕರಗತ ಮಾಡಿಕೊಂಡರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿತ್ತು, ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಪ್ಲೇಟಿಗೆ ಬೇಕಾದ ಅರಗು ಮಾತ್ರ ಛೋಟಾನಾಗಪುರದಂಥ ನಮ್ಮ ಕಾಡುಗಳದು. ನಮ್ಮ ಅರಗು ಹಡಗು ಹತ್ತಿ ಹೋಗಿ, ನಮ್ಮ ಹಾಡನ್ನು ಹೊತ್ತು ಮರಳಿತು.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಆಕೆಯ ಹೆಸರು ಏಂಜಲೀನಾ. ತಂದೆ ಆರ್ಮೇನಿಯನ್ ಮೂಲದವರು. ದಾಂಪತ್ಯ ಮುರಿದ ಮೇಲೆ ತಾಯಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೋಹರ್ ಆದಳು. ಕೋಠಿಯ ಗಾಯಕಿಯರನ್ನು ಮರ್ಯಾದಸ್ಥರು ರಾತ್ರಿ ಕೇಳಿ ಹಗಲು ದೂಷಿಸುತ್ತಿದ್ದರು. ಇದರಲ್ಲಿ ಹಿಂದೂ–ಮುಸ್ಲಿಂ ಎಂಬ ಭೇದವೇನೂ ಇರಲಿಲ್ಲ. ಪ್ಲೇಟು ಆ ಕಂಠವನ್ನು ಕೋಠಿಯ ಮೆಟ್ಟಿಲಿಳಿಸಿ ಬೀದಿಗೆ ತಂದಿತು. ಬೀದಿಯಲ್ಲಿ ಕೇಳಿಸುತ್ತದೆ ಎಂಬುದೇ ಕೆಲವು ಉಸ್ತಾದರಿಗೆ ಅಳುಕಾಗಿತ್ತು. ಜೈಪುರ–ಅತ್ರೌಲಿ ಘರಾನೆಯ ಅಲ್ಲಾದಿಯಾ ಖಾನರ ಪ್ಲೇಟುಗಳು ಮಾರುಕಟ್ಟೆಗೆ ಬರಲೇ ಇಲ್ಲ. ಅವರ ಗಾಯನವನ್ನು ನಾವಿಂದು ಶಿಷ್ಯರ ಕಂಠದಲ್ಲಷ್ಟೇ ಊಹಿಸಿಕೊಳ್ಳಬೇಕು.

ಆ ಬೀದಿಯ ಕೇಳ್ಮೆಯಿಂದ ಲಾಭ ಪಡೆದದ್ದು ನಮ್ಮ ನಾಡು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಚಿಕ್ಕಂದಿನಲ್ಲಿ ಗ್ರಾಮಫೋನ್ ದನಿ ಕೇಳಿದರೆ ಸಾಕು, ಬೀದಿಗೆ ಓಡುತ್ತಿದ್ದರಂತೆ; ಕೇಳಿದ್ದನ್ನು ಅನುಕರಿಸುತ್ತಿದ್ದರಂತೆ. ಮುಂದೆ 1930ರ ದಶಕದಲ್ಲಿ ಅವರ ಮೊದಲ ಪ್ಲೇಟುಗಳು ಬಂದಾಗ ಅವುಗಳ ಮೇಲಿದ್ದದ್ದು 'ಗಾಂಧಾರಿ' ಎಂಬ ಹೆಸರು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದ. ಹಾಗೆ ಹಾಡಬೇಕೆಂಬ ಹಟ ಹಿಡಿದು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟ. ಗುರುವನ್ನರಸಿ ಉತ್ತರದ ಊರೂರು ಅಲೆದು, ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಅವರು ಸವಾಯಿ ಗಂಧರ್ವರು, ಅದೇ ಖಾನರ ಶಿಷ್ಯ, ಗಂಗೂಬಾಯಿಯವರಿಗೂ ಗುರು. ಚಹಾದಂಗಡಿಯ ಎದುರು ನಿಂತವನನ್ನು ಪ್ಲೇಟು ಜಾತಿ ಕೇಳುತ್ತಿರಲಿಲ್ಲ, ನಿನ್ನ ಘರಾನೆ ಯಾವುದೆಂದೂ ಕೇಳುತ್ತಿರಲಿಲ್ಲ.

ಅದೇ ಯಂತ್ರದಿಂದ ದೇಶವೆಲ್ಲ ಹೆಸರಾದ ಗೋಹರ್ ಜಾನ್ ಮಾತ್ರ ಇಳಿವಯಸ್ಸಿನಲ್ಲಿ ಕೋರ್ಟು ವ್ಯಾಜ್ಯಗಳಲ್ಲಿ ಹಣ ಕಳೆದುಕೊಂಡು ಊರಿಂದೂರಿಗೆ ಹೋದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ಬರಮಾಡಿಕೊಂಡರು. ಒಂದೂವರೆ ವರ್ಷವೂ ತುಂಬಲಿಲ್ಲ, 1930ರ ಜನವರಿ 17ರಂದು ಇದೇ ಊರಿನಲ್ಲಿ ಅವರು ಕಣ್ಮುಚ್ಚಿದರು.

ಚೀಲದಲ್ಲಿ ಅವರ ಪ್ಲೇಟು ಇರಲಿಲ್ಲ. ಅವರ ಹಾಡನ್ನು ನಾವು ಮೊಬೈಲಿನಲ್ಲೇ ಕೇಳಿದೆವು, ಯಾರೋ ಪುಣ್ಯಾತ್ಮರು ಗಣಕಕ್ಕೆ ಇಳಿಸಿಟ್ಟಿದ್ದನ್ನು. ಕರೀಂ ಖಾನರದು ಮಾತ್ರ ಗೆಳೆಯರ ಮನೆಯ ಎಲ್‌ಪಿಯಲ್ಲಿ ಸಿಕ್ಕಿತು. ಒಂದು ಭಾನುವಾರ ಸಂಜೆ ಸನ್ನೆಯನ್ನು ಎರಡೆರಡು ಸಲ ನೋಡಿ ಮುಳ್ಳಿಟ್ಟೆವು. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಅದರೊಳಗಿಂದ ಆ ಸಣ್ಣ, ತೆಳು, ನೋವಿನ ದನಿ. ಅಡುಗೆಮನೆಯಲ್ಲಿದ್ದವರೂ ಬಂದು ಬಾಗಿಲಲ್ಲಿ ನಿಂತರು. ಮುಗಿದಾಗ ಎದ್ದು ಮುಳ್ಳೆತ್ತಲು ಯಾರಿಗೂ ಮನಸ್ಸಾಗಲಿಲ್ಲ, ತಟ್ಟೆ ಸುಮ್ಮನೆ ಸುತ್ತುತ್ತಲೇ ಇತ್ತು.

ಕಳೆದ ತಿಂಗಳು ಮತ್ತೆ ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆವು. ಪೆಟ್ಟಿಗೆ ಹಾಡುತ್ತಿದೆ ಎಂದಾಗ ಹಿರಿಯರು ನಂಬಲಿಲ್ಲ. ಗೋಹರ್ ಜಾನರ ಪ್ಲೇಟೇನಾದರೂ ಬಂದರೆ ಎತ್ತಿಡಿ ಎಂದೆವು. "ಯಾವ ಕಡೆಯವರು ಸಾಬ್ ಅವರು?" ಎಂದು ಕೇಳಿದರು. ಇದೇ ಊರಲ್ಲಿ ತೀರಿಕೊಂಡವರು ಎಂದೆವು. ಅವರು ಒಂದು ಚೀಟಿಯ ಮೇಲೆ ಉರ್ದುವಿನಲ್ಲಿ ಹೆಸರು ಬರೆದು ತಕ್ಕಡಿಯ ಕೆಳಗೆ ಸಿಕ್ಕಿಸಿದರು.