ಮರದ ಮನೆಯೂ ಗಣಿಯ ಕೆಮ್ಮಣ್ಣೂ

ಕನ್ನಡನಾಡಿನ ಪ್ರಾಚೀನ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಅಪರಿಚಿತವಲ್ಲ. ದೇವಾಲಯವನ್ನು ಕಟ್ಟಿಸಿದವರು ಅದರ ಪೂಜೆ ಪುರಸ್ಕಾರಗಳಿಗೆ ಮಾತ್ರವಲ್ಲದೆ, ಒಡೆದುದನ್ನೂ ಬಿರಿದುದನ್ನೂ ಮರಳಿ ಸರಿಪಡಿಸುವುದಕ್ಕಾಗಿಯೂ ಭೂಮಿಯನ್ನು ಬಿಡುತ್ತಿದ್ದರು. ಕಟ್ಟಿದುದು ಕೆಡುವುದು ಸಹಜ. ಕೆಟ್ಟುದನ್ನು ಕಾಲಕಾಲಕ್ಕೆ ಹೊಸದು ಮಾಡುವ ಏರ್ಪಾಡೂ ಕಟ್ಟಡದ ಒಂದು ಅಂಗವೇ ಎಂಬ ವಿವೇಕವು ಈ ಮಾತಿನಲ್ಲಡಗಿದೆ. ಕಲ್ಲಿನ ಕಟ್ಟಡಕ್ಕೇ ಇಷ್ಟು ಮುಂದಾಲೋಚನೆ ಬೇಕಾದರೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತ ಮರದ ಕಟ್ಟಡಕ್ಕೆ ಎಷ್ಟು ಬೇಡ! ಉತ್ತರ ಯುರೋಪಿನ ಸ್ವೀಡನ್ ದೇಶದ ಜನರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವು ಒಂದು ತಾಮ್ರದ ಗಣಿಯ ಕಸದಿಂದ ಹುಟ್ಟಿತೆಂಬುದು ವಿಚಿತ್ರವಾದರೂ ಸತ್ಯ. ಬಣ್ಣದ ಚರಿತ್ರೆಯೆಂದರೆ ಅಲಂಕಾರದ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಈ ಬಣ್ಣದ ಚರಿತ್ರೆಯಾದರೋ ಜೀರ್ಣೋದ್ಧಾರದ ಚರಿತ್ರೆಯಾಗಿದೆ.

ಮೊದಲು, ಹೊರಗೆ ನಿಂತ ಮರವು ಹೇಗೆ ಕೆಡುತ್ತದೆಂಬುದನ್ನು ತಿಳಿಯುವುದವಶ್ಯ. ಮರದ ನಾರುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವ ಅಂಟಿನಂಥ ಪದಾರ್ಥಕ್ಕೆ ಲಿಗ್ನಿನ್ ಎಂದು ಹೆಸರು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಈ ಅಂಟನ್ನು ಸಡಿಲಗೊಳಿಸುತ್ತವೆ. ಮಳೆಯು ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿದ ನಾರುಗಳು ಬೂದುಬಣ್ಣಕ್ಕೆ ತಿರುಗಿ ಉಣ್ಣೆಯಂತೆ ಮೇಲೇಳುತ್ತವೆ. ಇಷ್ಟಾದರೂ ಇದು ತೊಗಲಿನ ಮೇಲಣ ಕೇಡೇ ಹೊರತು ಮೂಳೆಗೆ ತಾಗಿದುದಲ್ಲ. ಬಣ್ಣವನ್ನೇ ಕಾಣದ ಒರಟು ಹಲಗೆಯು ಬೂದಾಗಿ ನೂರಾರು ವರ್ಷ ನಿಲ್ಲುವುದುಂಟು. ನಿಜವಾದ ಶತ್ರುವು ಹೊರಗೆ ಹೋಗಲಾರದೆ ಒಳಗೇ ನಿಂತ ನೀರು. ಶೇಕಡ ೨೦ಕ್ಕೆ ಮೀರಿದ ತೇವವು ಮರದಲ್ಲಿ ಬಹುಕಾಲ ನಿಂತರೆ, ಮರವನ್ನು ತಿನ್ನುವ ಬೂಷ್ಟಿಗೆ ಅನುಕೂಲವೊದಗುತ್ತದೆ. ಮೇಲಾಗಿ ಮರವು ತೇವವನ್ನು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಬಳಿದ ಬಣ್ಣವು ಗಟ್ಟಿಯಾದ ಪೊರೆಯಾಗಿ ನಿಂತು, ಈ ಹಿಗ್ಗು ಕುಗ್ಗುಗಳನ್ನು ಅನುಸರಿಸಲಾರದೆ ಹೋದಾಗ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ. ಇಳಿದ ನೀರು ಪೊರೆಯ ಹಿಂದೆ ಸಿಕ್ಕಿಕೊಂಡು ಗುಳ್ಳೆಯೇಳಿಸಿ, ಬಣ್ಣವನ್ನು ಚಕ್ಕೆ ಚಕ್ಕೆಯಾಗಿ ಸುಲಿಯುತ್ತದೆ. ಕಾಪಾಡಲೆಂದು ತೊಡಿಸಿದ ಕವಚವೇ ಹೀಗೆ ಸೆರೆಮನೆಯಾಗುವುದು.

ಸ್ಟಾಕ್‌ಹೋಮ್ ನಗರದ ವಾಯವ್ಯಕ್ಕೆ ದಾಲಾರ್ನ ಎಂಬ ಪ್ರಾಂತವಿದೆ. ಅಲ್ಲಿನ ಫಾಲೂನ್ ಪಟ್ಟಣದ ಬಳಿಯಲ್ಲಿ ಸಾವಿರ ವರ್ಷಗಳಷ್ಟು ಹಳೆಯದೆನ್ನಲಾದ ತಾಮ್ರದ ಗಣಿಯಿದೆ. ೧೨೮೮ನೆಯ ಇಸವಿಯ ಒಂದು ಪತ್ರದಲ್ಲಿ ವೆಸ್ಟೆರೋಸ್ ಎಂಬಲ್ಲಿಯ ಬಿಷಪ್ಪನು ಈ ಗಣಿಯ ಎಂಟನೆಯ ಒಂದು ಪಾಲನ್ನು ಪಡೆದುದು ದಾಖಲಾಗಿದೆ. ೧೩೪೭ರಲ್ಲಿ ದೊರೆ ಮಾಗ್ನುಸ್ ಎರಿಕ್ಸನ್ನನು ಗಣಿಗಾರರಿಗೆ ಸನ್ನದನ್ನು ಕೊಟ್ಟನು. ೧೭ನೆಯ ಶತಮಾನದಲ್ಲಿ ಯುರೋಪಿನ ತಾಮ್ರದ ಮೂರರಲ್ಲಿ ಎರಡು ಪಾಲು ಈ ಒಂದೇ ಗಣಿಯಿಂದ ಹೊರಡುತ್ತಿದ್ದ ಕಾಲವೂ ಇದ್ದಿತು. ಲೋಭದಿಂದ ಕ್ರಮವಿಲ್ಲದೆ ತೋಡಿದುದರ ಫಲವಾಗಿ ೧೬೮೭ನೆಯ ಜೂನ್ ೨೫ರಂದು ಗಣಿಯ ಗೋಡೆಗಳು ಕುಸಿದು, ಇಂದಿಗೂ ಬಾಯ್ದೆರೆದುಕೊಂಡಿರುವ ಮಹಾಗರ್ತವುಂಟಾಯಿತು. ಅಂದು ನಡುಬೇಸಗೆಯ ಹಬ್ಬದ ಬಿಡುವಾದುದರಿಂದ ಗಣಿಯೊಳಗೆ ಯಾರೂ ಇರಲಿಲ್ಲ. ಒಂದು ಪ್ರಾಣವೂ ಹೋಗಲಿಲ್ಲ. ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸ್ಸನು ೧೭೩೪ರಲ್ಲಿ ಈ ಸ್ಥಳವನ್ನು ಸಂದರ್ಶಿಸಿ ಅದರ ಭೀಕರತೆಯನ್ನು ವರ್ಣಿಸಿದ್ದಾನೆ.

ಗಣಿಯಿಂದ ತೆಗೆದ ಕಲ್ಲುಗಳಲ್ಲಿ ತಾಮ್ರವು ಸಾಲದಷ್ಟಿದ್ದವುಗಳನ್ನು ಬದಿಗೆ ರಾಶಿ ಹಾಕುತ್ತಿದ್ದರು. ಆ ರಾಶಿಗಳು ಬೆಟ್ಟಗಳಾದುವು. ಗಂಧಕವೂ ಕಬ್ಬಿಣವೂ ಬೆರೆತ ಆ ಕಲ್ಲುಗಳು ತಲೆಮಾರುಗಳ ಗಾಳಿ ಮಳೆಗಳಿಗೆ ಸಿಕ್ಕಿ ಶಿಥಿಲವಾಗಿ ಹಳದಿಯ ಮಣ್ಣಾಗಿ ಮಾರ್ಪಟ್ಟವು. ಈ ಮಣ್ಣನ್ನು ನೀರಿನಲ್ಲಿ ಕದಡಿ, ನುಣ್ಣನೆಯ ಭಾಗವನ್ನು ತಿಳಿಯಿಳಿಸಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಹಳದಿಯು ಹೋಗಿ ಗಾಢವಾದ ಕೆಂಪು ಬರುತ್ತದೆ. ಬೆಂಕಿಯ ಕಾವನ್ನು ಹೆಚ್ಚಿಸಿದಷ್ಟೂ ಕೆಂಪು ಕಪ್ಪಿನ ಕಡೆಗೆ ತಿರುಗುತ್ತದೆ. ಕನ್ನಡಿಗರು ಬಲ್ಲ ಕಾವಿಯಂತೆ ಇದಕ್ಕೂ ಕಬ್ಬಿಣದ ಆಕ್ಸೈಡೇ ಜೀವಾಳ. ಆದರೆ ಫಾಲೂನಿನ ಮಣ್ಣಿನಲ್ಲಿ ಅದರೊಡನೆ ಸಿಲಿಕವೂ, ಅಲ್ಪಪ್ರಮಾಣದಲ್ಲಿ ತಾಮ್ರ ಸತುವುಗಳೂ ಬೆರೆತಿವೆ. ಗಣಿಯು ತನ್ನ ಸಿರಿಯನ್ನು ರಾಜರಿಗೂ ವರ್ತಕರಿಗೂ ಕೊಟ್ಟಿತು. ತನ್ನ ಕಸವನ್ನು ಒಕ್ಕಲಿಗರಿಗೆ ಕೊಟ್ಟಿತು. ಬಹುಕಾಲ ನಿಂತುದು ಕಸವೇ.

ಆದರೆ ಈ ಬಣ್ಣವು ಮೊದಲು ಒಕ್ಕಲಿಗನಿಗಾಗಿ ಹುಟ್ಟಿದುದಲ್ಲ. ೧೫೭೦ರ ದಶಕದಲ್ಲಿ ಮೂರನೆಯ ಯೋಹಾನ್ ದೊರೆಯು ತನ್ನ ಅರಮನೆಯ ಮಾಡಿಗೆ ಬಳಿಯಲು ಈ ಕೆಂಪನ್ನು ತರಿಸಬಯಸಿದನೆಂದು ತಿಳಿದುಬರುತ್ತದೆ. ಹಾಲೆಂಡ್ ಜರ್ಮನಿಗಳ ಶ್ರೀಮಂತರು ಇಟ್ಟಿಗೆಯ ಸೌಧಗಳಲ್ಲಿ ವಾಸಿಸುತ್ತಿದ್ದ ಕಾಲವದು. ಸ್ವೀಡನ್ನಿನ ಸರದಾರರಿಗೆ ಇಟ್ಟಿಗೆ ದುರ್ಲಭ, ಮರ ಸುಲಭ. ಆದುದರಿಂದ ಮರದ ಮನೆಗೆ ಕೆಂಬಣ್ಣವನ್ನು ಬಳಿದು ಇಟ್ಟಿಗೆಯ ಸೋಗನ್ನು ಹಾಕಿದರು. ೧೭೬೪ರಿಂದ ಫಾಲೂನಿನಲ್ಲಿ ಬಣ್ಣದ ತಯಾರಿಕೆಯು ಕ್ರಮಬದ್ಧವಾದ ಉದ್ಯಮವಾಯಿತು. ಮುಂದೆ ೧೯ನೆಯ ಶತಮಾನದಲ್ಲಿ, ಅದುವರೆಗೆ ಬೂದುಬಣ್ಣಕ್ಕೆ ತಿರುಗಿ ನಿಂತಿದ್ದ ಹಳ್ಳಿಯ ಮನೆಗಳೂ ಕೊಟ್ಟಿಗೆ ಕಣಜಗಳೂ ಕೆಂಪಾದುವು. ೧೮೦೯ರವರೆಗೆ ಸ್ವೀಡನ್ನಿಗೆ ಸೇರಿದ್ದ ಫಿನ್ಲೆಂಡಿನಲ್ಲಿಯೂ ಕೆಮ್ಮಣ್ಣಿನ ಬಣ್ಣವು ಮನೆಮನೆಯದಾಯಿತು. ಡಂಭಕ್ಕಾಗಿ ಬಂದುದು ಬಳಕೆಯಿಂದ ಗುಣವಾಗಿ ಪರಿಣಮಿಸಿತು. ಸೋಗಿನ ನೆನಪು ಅಳಿದು, ಕಾಪಾಡುವ ಶಕ್ತಿಯು ಉಳಿಯಿತು.

ಆ ಶಕ್ತಿಯ ಗುಟ್ಟು ಅದರ ಪಾಕದಲ್ಲಿದೆ. ದೊಡ್ಡ ಹಂಡೆಯಲ್ಲಿ ನೀರನ್ನು ಕಾಯಿಸಿ ಅದರಲ್ಲಿ ಅನ್ನಭೇದಿಯನ್ನು ಕರಗಿಸುತ್ತಾರೆ. ರೈ ಎಂಬ ಧಾನ್ಯದ ಹಿಟ್ಟನ್ನು ಗಂಟು ಕಟ್ಟದಂತೆ ಕದಡಿ ಗಂಜಿಯಾಗುವಂತೆ ಬೇಯಿಸುತ್ತಾರೆ. ಬಳಿಕ ಕೆಂಪು ಪುಡಿಯನ್ನು ಬೆರೆಸಿ ಮತ್ತೆ ಕುದಿಸಿ, ಕೊನೆಯಲ್ಲಿ ಸ್ವಲ್ಪ ಅಗಸೆ ಎಣ್ಣೆಯನ್ನು ಹಾಕುತ್ತಾರೆ. ಗಂಜಿಯು ಪುಡಿಯನ್ನು ಮರಕ್ಕೆ ಹಿಡಿಸುತ್ತದೆ; ಅನ್ನಭೇದಿಯು ಗಂಜಿಯನ್ನು ಬೂಷ್ಟು ಹಿಡಿಯದಂತೆ ಕಾಯುತ್ತದೆ; ಕಬ್ಬಿಣದ ಆಕ್ಸೈಡು ಬಿಸಿಲಿನ ಕಿರಣಗಳನ್ನು ತಾನೇ ತಡೆದುಕೊಳ್ಳುತ್ತದೆ. ಹೀಗೆ ಬಳಿದುದು ಮರದ ಮೇಲೆ ಪೊರೆಯಾಗುವುದಿಲ್ಲ. ಒರಟು ಹಲಗೆಯ ನಾರುಗಳ ನಡುವೆ ನೆಲೆಸುತ್ತದೆ. ಮಳೆಯ ತೇವವು ಒಳಹೊಕ್ಕರೂ ಗಾಳಿಯಾಡಿದೊಡನೆ ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ.

ಈ ಬಣ್ಣಕ್ಕೆ ಒಂದು ದೋಷವೂ ಉಂಟು: ಹಳೆಯದಾದಂತೆ ಅದು ಪುಡಿಯಾಗಿ ಉದುರುತ್ತದೆ, ಗೋಡೆಗೊರಗಿದವನ ಬಟ್ಟೆಗೆ ಹತ್ತುತ್ತದೆ. ಆದರೆ ಜೀರ್ಣೋದ್ಧಾರದ ದೃಷ್ಟಿಯಿಂದ ನೋಡಿದರೆ ಆ ದೋಷವೇ ಅದರ ಪರಮಗುಣ. ಹತ್ತು ಹದಿನೈದು ವರ್ಷಗಳಾದ ಮೇಲೆ ಮರಳಿ ಬಳಿಯಬೇಕಾದಾಗ ಸುಲಿಯುವುದಕ್ಕೆ ಚಕ್ಕೆಗಳಿರುವುದಿಲ್ಲ, ಕೆರೆಯುವ ಶ್ರಮವಿಲ್ಲ. ಒಣಗಿದ ದಿನವೊಂದರಲ್ಲಿ ಬಿರುಸಾದ ಬ್ರಷ್ಷಿನಿಂದ ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದರೆ ಗೋಡೆಯು ಹೊಸ ಲೇಪಕ್ಕೆ ಸಿದ್ಧವಾಗುತ್ತದೆ. ಹಳೆಯದು ಹೊಸದಕ್ಕೆ ದಾರಿಬಿಟ್ಟು ಸರಿಯುತ್ತದೆ.

ಕಿಟಕಿ ಬಾಗಿಲುಗಳ ಸಂಗತಿ ಬೇರೆ. ನುಣುಪಾಗಿ ಹತ್ತರಿ ಹೊಡೆದ ಮರದ ಮೇಲೆ ಕೆಮ್ಮಣ್ಣಿನ ಬಣ್ಣವು ಹಿಡಿಯದು. ಅಲ್ಲಿಗೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವನ್ನು ಬಳಸುತ್ತಿದ್ದರು. ಅದರ ಬಿಳುಪು ಬಹುಕಾಲ ಸೀಸದಿಂದ ಬಂದುದು. ಸೀಸದ ಬಣ್ಣವು ಬಾಳಿಕೆಯುಳ್ಳದ್ದಾದರೂ ವಿಷ; ಅದು ಸುಲಿದು ಪುಡಿಯಾದಾಗ, ಅಥವಾ ಅರಿಯದವರು ಅದನ್ನು ಒಣಗಿದಂತೆಯೇ ಉಜ್ಜಿದಾಗ, ಧೂಳಿನ ಮೂಲಕ ಮಕ್ಕಳ ಮೈಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ೧೯೨೧ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸೀಸದ ಬಿಳುಪಿನ ಉಪಯೋಗವನ್ನು ನಿರ್ಬಂಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯ ಬಣ್ಣಗಳಿಗೆ ಈ ನಿಷೇಧವು ೧೯೭೮ರಲ್ಲಿ ಬಂದಿತು. ಭಾರತದಲ್ಲಿಯಾದರೋ ೨೦೧೬ರ ನಿಯಮಗಳಿಂದ, ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಕೂಡದೆಂಬ ಮಿತಿಯು ಏರ್ಪಟ್ಟಿತು. ಆದುದರಿಂದ ಹಳೆಯ ಬಾಗಿಲಿನ ಬಣ್ಣವನ್ನು ಕೆರೆಯ ಹೊರಟವನು ಮೊದಲು ಅದರ ವಯಸ್ಸನ್ನು ವಿಚಾರಿಸಬೇಕು. ಸಂಶಯವಿದ್ದಲ್ಲಿ ನೀರು ಚಿಮುಕಿಸಿ, ಧೂಳೇಳದಂತೆ ತೆಗೆದು, ಮಕ್ಕಳನ್ನು ದೂರವಿಟ್ಟು ಕೆಲಸ ನಡೆಸುವುದು ಯುಕ್ತ.

ಎರಡನೆಯ ಮಹಾಯುದ್ಧದ ತರುವಾಯ ಕಾರ್ಖಾನೆಗಳಲ್ಲಿ ಸಿದ್ಧವಾದ ಕೃತಕ ಬಣ್ಣಗಳು ಡಬ್ಬಿಗಳಲ್ಲಿ ಬಂದುವು. ಹಂಡೆಯಲ್ಲಿ ಕುದಿಸುವ ತೊಂದರೆಯಿಲ್ಲ, ಬಟ್ಟೆಗೆ ಹತ್ತುವ ಭಯವಿಲ್ಲ, ನೋಡಲು ಹೊಳಪು. ಸ್ವೀಡನ್ನಿನ ಅನೇಕ ಗೃಹಸ್ಥರು ತಾತಂದಿರ ಕೆಂಬಣ್ಣವನ್ನು ಬಿಟ್ಟು ಈ ಹೊಸ ಲೇಪಗಳಿಗೆ ಮಾರುಹೋದರು. ಹಲವು ಮನೆಗಳಲ್ಲಿ ಅದರ ಪರಿಣಾಮವು ದುಃಖಕರವಾಯಿತು. ದಟ್ಟವಾದ ಪೊರೆಯು ಕೀಲುಗಳಲ್ಲಿಯೂ ಹಲಗೆಯ ತುದಿಗಳಲ್ಲಿಯೂ ಬಿರಿದು, ನೀರನ್ನು ಒಳಗೆ ಬಿಟ್ಟುಕೊಂಡಿತು; ಹೊರಗೆ ಬಿಡಲಿಲ್ಲ. ಹೊರನೋಟಕ್ಕೆ ಮಿರುಗುವ ಗೋಡೆಯು ಒಳಗೆ ಕುಂಬಾಯಿತು. ತಪ್ಪನ್ನರಿತು ಹಿಂದಿರುಗಹೊರಟವರಿಗೂ ಹಾದಿ ಸುಗಮವಾಗಿರಲಿಲ್ಲ. ಕೆಮ್ಮಣ್ಣಿನ ಬಣ್ಣವು ಬರಿಯ ಮರವನ್ನಲ್ಲದೆ ಮತ್ತೊಂದು ಪೊರೆಯನ್ನು ಒಪ್ಪುವುದಿಲ್ಲವಾದ್ದರಿಂದ, ಒಮ್ಮೆ ಬಳಿದ ಪ್ಲಾಸ್ಟಿಕ್ಕಿನ ಬಣ್ಣವನ್ನು ಅಂಗುಲ ಅಂಗುಲವಾಗಿ ಕೆರೆದು ತೆಗೆಯಬೇಕಾಯಿತು. ಒಂದು ದಿನದ ಅನುಕೂಲಕ್ಕೆ ತಿಂಗಳುಗಳ ಶ್ರಮವು ಬೆಲೆಯಾಯಿತು.

ಪೊರೆಯಾಗುವ ಬಣ್ಣವನ್ನೇ ಬಳಸಬೇಕಾದ ಕಡೆಯಲ್ಲಿಯೂ ವಿಜ್ಞಾನವು ಒಂದು ಪಾಠವನ್ನು ಕಲಿಸಿದೆ. ೧೯೧೦ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಸ್ಥಾಪಿತವಾದ ಅರಣ್ಯವಸ್ತುಗಳ ಪ್ರಯೋಗಶಾಲೆಯವರು, ಬರಿಯ ಮರವನ್ನು ಕೆಲವೇ ವಾರಗಳ ಕಾಲ ಬಿಸಿಲಿಗಿಟ್ಟು ಬಳಿಕ ಬಣ್ಣ ಹಚ್ಚಿದರೂ ಅದರ ಹಿಡಿತವು ಕುಗ್ಗುವುದೆಂದು ತೋರಿಸಿದರು. ಸತ್ತ ನಾರುಗಳ ಮೇಲೆ ಬಳಿದುದು ಆ ನಾರುಗಳೊಡನೆಯೇ ಉದುರುತ್ತದೆ. ಆದುದರಿಂದ ಬೂದಾದ ಮರಕ್ಕೆ ಬಣ್ಣ ಹಚ್ಚುವ ಮೊದಲು, ಸುಲಿದ ಚಕ್ಕೆಗಳನ್ನು ಮಾತ್ರವಲ್ಲದೆ ಆ ಬೂದು ಪದರವನ್ನೂ ಮರಳುಕಾಗದದಿಂದ ಉಜ್ಜಿ, ಜೀವವುಳ್ಳ ಮರವನ್ನು ಕಾಣಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಕಂಡುಹಿಡಿದು ತಡೆಯಬೇಕು. ಸೋರುವ ಮಾಡಿನ ಕೆಳಗೆ ಯಾವ ಬಣ್ಣವೂ ನಿಲ್ಲದು.

ಸ್ವೀಡನ್ನಿನ ನೆರೆಯ ನಾರ್ವೆ ದೇಶದಲ್ಲಿಯೂ ಇದೇ ತತ್ತ್ವವು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿ ಬೋರ್ಗುಂಡ್ ಎಂಬಲ್ಲಿಯ ಮರದ ಚರ್ಚು ಸುಮಾರು ೧೧೮೦ರಲ್ಲಿ ಕಟ್ಟಿದುದು. ಅದೇ ಜಾತಿಯ ೨೮ ಮಧ್ಯಯುಗದ ಚರ್ಚುಗಳು ಆ ದೇಶದಲ್ಲಿ ಉಳಿದಿವೆ. ಅವುಗಳ ಕಂಬಗಳು ನೆಲದಲ್ಲಿ ಹೂತುಕೊಳ್ಳದೆ ಕಲ್ಲಿನ ಮೇಲಿಟ್ಟ ತೊಲೆಗಳ ಮೇಲೆ ನಿಂತಿವೆ. ಮೈಗೆ ಪೈನ್ ಮರದ ಬೇರುಗಳಿಂದ ಸುಟ್ಟಿಳಿಸಿದ ಕೀಲನ್ನು ಬಳಿಯಲಾಗಿದೆ. ಕೀಲು ಬಿಸಿಲಿಗೆ ಕರಗುತ್ತದೆ, ಮಳೆಗೆ ಸವೆಯುತ್ತದೆ; ಆದುದರಿಂದ ಪ್ರತಿಯೊಂದು ತಲೆಮಾರೂ ಅದನ್ನು ಮತ್ತೆ ಮತ್ತೆ ಬಳಿಯಬೇಕಾಯಿತು. ೨೦೦೧ರಿಂದ ೨೦೧೫ರವರೆಗೆ ನಾರ್ವೆಯ ಸರ್ಕಾರವು ಈ ಚರ್ಚುಗಳ ಜೀರ್ಣೋದ್ಧಾರವನ್ನು ಕೈಕೊಂಡಾಗಲೂ ಹಳೆಯ ಸಾಮಗ್ರಿಗಳನ್ನೂ ಹಳೆಯ ಕೈಕಸಬನ್ನೂ ಆಶ್ರಯಿಸಿತು. ಎಂಟು ಶತಮಾನಗಳನ್ನು ದಾಟಿಸಿದುದು ಒಂದು ಬಲವಾದ ಲೇಪವಲ್ಲ, ಒಂದನ್ನು ಹಿಂಬಾಲಿಸಿದ ಅನೇಕ ದುರ್ಬಲ ಲೇಪಗಳು.

ಫಾಲೂನಿನ ಗಣಿಯು ೧೯೯೨ನೆಯ ಡಿಸೆಂಬರಿನಲ್ಲಿ ಮುಚ್ಚಿತು. ೨೦೦೧ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತಾಮ್ರದ ಕಾಲವು ಮುಗಿದರೂ ಕಸದ ರಾಶಿಗಳು ಕರಗಿಲ್ಲ; ಗಣಿಯು ನಿಂತ ಮೇಲೂ ಅವುಗಳಿಂದ ಕೆಂಬಣ್ಣದ ತಯಾರಿಕೆಯು ನಡೆದುಬಂದಿದೆ. ಎಂದೆಂದಿಗೂ ಕೆಡದ ಬಣ್ಣವನ್ನು ಮನುಷ್ಯನು ಹುಡುಕುತ್ತಲೇ ಇದ್ದಾನೆ, ಅದು ದೊರೆತಿಲ್ಲ. ದಾಲಾರ್ನದ ಒಕ್ಕಲಿಗನು ಅದನ್ನು ಹುಡುಕಲಿಲ್ಲ. ತನ್ನ ಮಗನು ಸುಲಭವಾಗಿ ಮರಳಿ ಬಳಿಯಬಲ್ಲ ಬಣ್ಣವನ್ನು ಅವನು ಗೋಡೆಗೆ ಬಳಿದನು. ಅವನ ಮನೆಯು ನಿಂತಿದೆ.