ನದೀತೀರದ ಕಟ್ಟಡ ನಿಯಮಗಳು: ಪುಣೆ ಮತ್ತು ಪಿಂಪ್ರಿ-ಚಿಂಚವಾಡ

ಹೊಳೆಯ ನೀರು ಎಲ್ಲಿಯವರೆಗೆ ಏರೀತೆಂಬುದನ್ನು ಹಿಂದೆ ಊರಿನ ಹಿರಿಯರು ಹೇಳುತ್ತಿದ್ದರು; ಇಂದು ಅದನ್ನು ಸರ್ಕಾರದ ನಕ್ಷೆಯ ಗೆರೆಗಳು ಹೇಳುತ್ತವೆ. ಈ ಸ್ಥಿತ್ಯಂತರವನ್ನು ಮಹಾರಾಷ್ಟ್ರದ ಎರಡು ನೆರೆನಗರಗಳ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ. ಪುಣೆಯೂ ಪಿಂಪ್ರಿ-ಚಿಂಚವಾಡವೂ ಪರಸ್ಪರ ಹೊಂದಿಕೊಂಡಿವೆ. ಕೆಲವೆಡೆ ಮುಳಾ ನದಿಯೇ ಅವುಗಳ ಗಡಿ.

ಪುಣೆಯು ಪ್ರವಾಹದ ಪಾಠವನ್ನು ಕಲಿತದ್ದು ದುರಂತದಿಂದ. ೧೯೬೧ರ ಜುಲೈ ೧೨ರಂದು, ಇನ್ನೂ ಪೂರ್ಣಗೊಳ್ಳದಿದ್ದ ಪಾನಶೇತ್ ಮಣ್ಣಿನ ಅಣೆಕಟ್ಟು ಒಡೆಯಿತು. ಅದರ ಕೆಳಗಿದ್ದ, ೧೮೭೯ರ ಖಡಕವಾಸಲಾ ಅಣೆಕಟ್ಟೂ ಆ ಭಾರವನ್ನು ತಾಳಲಿಲ್ಲ. ಮುಠಾ ನದಿಯು ಶನಿವಾರ ಪೇಠ, ನಾರಾಯಣ ಪೇಠ ಮೊದಲಾದ ಹಳೆಯ ಬಡಾವಣೆಗಳನ್ನು ಮುಳುಗಿಸಿತು. ನಿರ್ವಸಿತರಿಗಾಗಿ ಗೋಖಲೆನಗರ, ಲೋಕಮಾನ್ಯನಗರ, ಸಹಕಾರನಗರಗಳಂತಹ ವಸತಿಗಳು ನದಿಯಿಂದ ದೂರದಲ್ಲಿ ಎದ್ದವು. ಆಗಿನ ಪರಿಹಾರವು ಜನರನ್ನು ಸ್ಥಳಾಂತರಿಸುವುದಾಗಿತ್ತು. ದಡದ ಭೂಮಿಗೆ ಗೆರೆ ಹಾಕುವ ಕ್ರಮವು ಅನಂತರದ್ದು.

ಪಿಂಪ್ರಿ-ಚಿಂಚವಾಡದ ಚರಿತ್ರೆ ಬೇರೆ. ೧೯೭೦ರಲ್ಲಿ ಪುರಸಭೆಯಾಗಿ, ೧೯೮೨ರಲ್ಲಿ ಮಹಾನಗರಪಾಲಿಕೆಯಾದ ಈ ಕೈಗಾರಿಕಾ ನಗರಕ್ಕೆ ೧೯೬೧ರಂತಹ ಸ್ವಂತ ಸ್ಮೃತಿಯಿರಲಿಲ್ಲ. ಅದಕ್ಕೆ ನಿಯಮವು ಕಾಗದದ ಮೂಲಕ ಬಂದಿತು. ರಾಜ್ಯದ ನೀರಾವರಿ ಇಲಾಖೆಯ ೧೯೮೯ರ ಸುತ್ತೋಲೆಯು ಎರಡು ರೇಖೆಗಳನ್ನು ವಿಧಿಸಿತು: ಸ್ಥೂಲವಾಗಿ, ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟಕ್ಕೆ ನೀಲಿ, ನೂರು ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು. ೨೦೨೦ರ ಏಕೀಕೃತ ಅಭಿವೃದ್ಧಿ ನಿಯಮಾವಳಿಯಿಂದ ಎರಡು ನಗರಗಳಿಗೂ ಒಂದೇ ಕಟ್ಟಳೆ. ನದಿಗೂ ನೀಲಿ ರೇಖೆಗೂ ನಡುವೆ ಉದ್ಯಾನ, ಸ್ಮಶಾನ ಮೊದಲಾದ ಕೆಲವನ್ನು ಬಿಟ್ಟು ನಿರ್ಮಾಣ ನಿಷಿದ್ಧ. ನೀಲಿ-ಕೆಂಪುಗಳ ನಡುವೆ ಕೆಂಪು ರೇಖೆಯ ಮಟ್ಟಕ್ಕಿಂತ ೦.೪೫ ಮೀಟರ್ ಎತ್ತರದಲ್ಲಿ ಕಟ್ಟಲು ಅವಕಾಶವುಂಟು.

ನಿಯಮ ಒಂದಾದರೂ ಅದರ ಫಲ ಒಂದೇ ಬಗೆಯದಾಗಲಿಲ್ಲ. ೨೦೨೪ರ ಜುಲೈ ೨೫ರಂದು ಖಡಕವಾಸಲಾದಿಂದ ಬಿಟ್ಟ ನೀರು ಪುಣೆಯ ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನುಗ್ಗಿತು. ಅಲ್ಲಿ ನಿಯಮವನ್ನು ನೆನಪಿಸಿದ್ದು ನದಿ. ಪಿಂಪ್ರಿ-ಚಿಂಚವಾಡದ ಚಿಖಲಿಯಲ್ಲಿ ಅದನ್ನು ನೆನಪಿಸಿದ್ದು ನ್ಯಾಯಾಸನ: ಇಂದ್ರಾಯಣಿಯ ನೀಲಿ ರೇಖೆಯೊಳಗಿದ್ದ ೩೬ ಬಂಗಲೆಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ, ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದ ಮೇಲೆ, ೨೦೨೫ರ ಮೇ ೧೭ರಂದು ಕೆಡವಲಾಯಿತು.

ಈ ಎರಡು ಪ್ರಸಂಗಗಳಲ್ಲಿ ಒಂದು ಸಾಮ್ಯವಿದೆ. ಮನೆಗಳು ಎದ್ದು, ಸಂಸಾರಗಳು ನೆಲೆಸಿದ ಮೇಲೆಯೇ ರೇಖೆಯ ಅರ್ಥವು ನಿವಾಸಿಗಳಿಗೆ ಅನುಭವಕ್ಕೆ ಬಂದಿತು. ಇನ್ನೊಂದು ಅಂಶವೂ ಗಮನಾರ್ಹ. ವರ್ಷಗಳ ಸರಾಸರಿಯಿಂದ ಗುಣಿಸಿದ ರೇಖೆಯು ಮಳೆಯ ಪ್ರವಾಹವನ್ನು ಅಳೆಯಬಲ್ಲುದು. ೧೯೬೧ರಂತೆ ಅಣೆಕಟ್ಟು ಒಡೆದ ಪ್ರವಾಹವನ್ನು ಆ ಗಣಿತವು ಒಳಗೊಳ್ಳಲಾರದು. ಕೆಂಪು ರೇಖೆಯ ಆಚೆಯ ನೆಲವೆಲ್ಲ ನಿರ್ಭಯವೆಂದು ಭಾವಿಸುವುದು ಆದ್ದರಿಂದ ಸಾಧುವಲ್ಲ.

ಪ್ರವಾಹವಲಯದ ಕಟ್ಟಳೆಗಳ ಚರಿತ್ರೆಯನ್ನು ಬರೆಯುವವರು ಸುತ್ತೋಲೆಗಳ ತೇದಿಗಳನ್ನಷ್ಟೇ ಜೋಡಿಸಿದರೆ ಸಾಲದೆಂಬುದು ಇದರಿಂದ ವಿದಿತವಾಗುತ್ತದೆ. ನಿವೇಶನವನ್ನು ಕೊಳ್ಳುವ ದಿನ ಆ ರೇಖೆಯು ಕೊಳ್ಳುವವನ ಕಣ್ಣಿಗೆ ಬಿದ್ದಿತ್ತೇ ಎಂಬುದನ್ನೂ ನಾವು ವಿಚಾರಿಸಬೇಕು.